ಯಾರೂ ನಳ ಬಿಡದಿದ್ದರೂ ಚಾಲೂ ಆಗುತ್ತಿದ್ದ ಪಂಪು: ಕಲಬುರಗಿಯ ಒಂದು ಮನೆಯ ಪ್ರಕರಣ

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ಒಂದು ಬಡಾವಣೆಯಲ್ಲಿ, ನಿವೃತ್ತ ವಿಜ್ಞಾನ ಮಾಸ್ತರರೊಬ್ಬರ ಎರಡು ಅಂತಸ್ತಿನ ಮನೆಗೆ ಫೆಬ್ರುವರಿ ತಿಂಗಳ ಕೊನೆಯಲ್ಲಿ ಹೊಸ ಪ್ರೆಶರ್ ಪಂಪು ಕೂಡಿಸಲಾಗಿತ್ತು. ಮಾಳಿಗೆಯ ಮೇಲಿನ ನೀರಿನ ಟಾಕಿಗೂ ಮೇಲಂತಸ್ತಿನ ಬಚ್ಚಲುಮನೆಯ ಶವರಿಗೂ ನಡುವೆ ಎರಡು ಮೀಟರಿನಷ್ಟು ಮಾತ್ರ ಎತ್ತರವಿದ್ದುದರಿಂದ ಅಲ್ಲಿ ನೀರು ನೂಲಿನಂತೆ ಇಳಿಯುತ್ತಿತ್ತು, ಬಟ್ಟೆ ತೊಳೆಯುವ ಯಂತ್ರ ನೀರು ತುಂಬಿಕೊಳ್ಳಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. ಪಂಪು ಬಂದ ಮೇಲೆ ನೀರಿನ ರಭಸವೇನೋ ಬಂದಿತು, ಆದರೆ ಎರಡನೆಯ ವಾರದಿಂದಲೇ ಅದು ಮೇಲಿಂದ ಮೇಲೆ ಚಾಲೂ ಆಗಿ ಬಂದ್ ಆಗತೊಡಗಿತು. ಮಾಸ್ತರರು ನನಗೆ ಫೋನಿನಲ್ಲಿ ಹೇಳಿದ ಮಾತು ಇಷ್ಟು: "ಮನ್ಯಾಗ ಯಾರೂ ನಳ ಬಿಟ್ಟಿಲ್ರಿ, ಎಲ್ಲಾರೂ ಮಲಗೀವಿ, ಆದ್ರೂ ಪಂಪ್ ಚಾಲೂ ಆಗ್ತದ, ಬಂದ್ ಆಗ್ತದ. ರಾತ್ರಿಯೆಲ್ಲಾ ತಲಿ ಮ್ಯಾಲ ಟಕ್ ಟಕ್ ಅಂತದ."

ನಾನು ಹೋಗುವಷ್ಟರಲ್ಲಿ ಮೂರು ಪ್ರಯತ್ನಗಳು ಆಗಿಹೋಗಿದ್ದವು. ಮೊದಲು ವೋಲ್ಟೇಜಿನ ಏರಿಳಿತವೇ ಕಾರಣವೆಂದು ಭಾವಿಸಿ ಸ್ಟೆಬಿಲೈಸರ್ ತಂದು ಹಾಕಿದ್ದರು. ಆಮೇಲೆ ಪಂಪು ಕೂಡಿಸಿದ ಹುಡುಗನೇ ಬಂದು, ನೀರಿನ ಒತ್ತಡಕ್ಕೆ ತಕ್ಕಂತೆ ಪಂಪನ್ನು ಚಾಲೂ-ಬಂದ್ ಮಾಡುವ ಪ್ರೆಶರ್ ಸ್ವಿಚ್ ಬದಲಿಸಿದ್ದನು, ಯಾಕೆಂದರೆ ಹಳೆಯ ಸ್ವಿಚ್ಚಿನ ಪಾಯಿಂಟುಗಳು ಸುಟ್ಟು ಕಪ್ಪಾಗಿದ್ದವು. ಹೊಸ ಸ್ವಿಚ್ ಹಾಕಿದ ದಿನ ರಾತ್ರಿಯೂ ಪಂಪು ಹಾಗೆಯೇ ಬಡಿದುಕೊಂಡಿತು. ಕೊನೆಗೆ ಮಲಗುವ ಮುನ್ನ ಪಂಪಿನ ಸ್ವಿಚ್ ಆರಿಸಿ, ಬೆಳಿಗ್ಗೆ ಎದ್ದು ಹಾಕುವುದನ್ನು ರೂಢಿ ಮಾಡಿಕೊಂಡಿದ್ದರು. ಹೊಸ ಪಂಪು ತಂದ ಮನೆಯವರು ಅದನ್ನು ಹೆದರಿ ಬಳಸುವಂತಾದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಈ ಪಂಪು ಕೆಲಸ ಮಾಡುವ ಬಗೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಅರ್ಧ ಎಚ್‌ಪಿಯ ಮೋಟಾರು ಟಾಕಿಯಿಂದ ನೀರನ್ನು ಎಳೆದು, ಒಂದು ಎನ್‌ಆರ್‌ವಿಯ ಮೂಲಕ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಟ್ಟು ಹಿಂದಕ್ಕೆ ಬರದಂತೆ ತಡೆಯುವ ವಾಲ್ವಿನ ಮೂಲಕ, ಮನೆಯ ಪೈಪಿಗೆ ತಳ್ಳುತ್ತದೆ. ಅದೇ ಪೈಪಿಗೆ 24 ಲೀಟರಿನ ಉಕ್ಕಿನ ಪ್ರೆಶರ್ ಟ್ಯಾಂಕನ್ನೂ ಪ್ರೆಶರ್ ಸ್ವಿಚ್ಚನ್ನೂ ಜೋಡಿಸಿರುತ್ತಾರೆ. ಟ್ಯಾಂಕಿನ ಒಳಗೆ ರಬ್ಬರಿನ ಚೀಲವೊಂದಿದ್ದು, ಚೀಲದೊಳಗೆ ನೀರು ಮತ್ತು ಚೀಲದ ಹೊರಗೆ ಉಕ್ಕಿನ ಗೋಡೆಯವರೆಗೆ ಗಾಳಿ ಇರುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಬಾರದು, ಗಾಳಿಯನ್ನು ಕುಗ್ಗಿಸಬಹುದು; ಆದ್ದರಿಂದ ಪಂಪು ಓಡುವಾಗ ಗಾಳಿ ಕುಗ್ಗಿ ನೀರಿಗೆ ಜಾಗ ಕೊಡುತ್ತದೆ, ಪಂಪು ನಿಂತಾಗ ಅದೇ ಗಾಳಿ ಹಿಗ್ಗಿ ನೀರನ್ನು ನಳದ ಕಡೆಗೆ ನೂಕುತ್ತದೆ. ಈ ಮನೆಯ ಸ್ವಿಚ್ಚನ್ನು ಒತ್ತಡ 20 ಪೌಂಡಿಗೆ ಇಳಿದಾಗ ಚಾಲೂ, 40 ಪೌಂಡಿಗೆ ಏರಿದಾಗ ಬಂದ್ ಆಗುವಂತೆ ಹೊಂದಿಸಲಾಗಿತ್ತು. ಟೈರಿನ ಗಾಳಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಪೌಂಡೇ ಇದು, ಸುಮಾರು ಹದಿನಾಲ್ಕೂವರೆ ಪೌಂಡೆಂದರೆ ಒಂದು ಬಾರ್. ಈ 20 ಮತ್ತು 40ರ ನಡುವೆ ಟ್ಯಾಂಕು ಎಷ್ಟು ನೀರನ್ನು ಕೊಟ್ಟು ತೆಗೆದುಕೊಳ್ಳುತ್ತದೆ ಎಂಬುದರ ಮೇಲೆ ಪಂಪು ಎಷ್ಟು ಹೊತ್ತಿಗೊಮ್ಮೆ ಓಡುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಮೊದಲ ದಿನ ಮಾಳಿಗೆ ಏರಿದಾಗ ನಾನು ಯಾವ ಪಾನಾವನ್ನೂ ಕೈಗೆತ್ತಿಕೊಳ್ಳಲಿಲ್ಲ. ಮನೆಯವರಿಗೆ ಎಲ್ಲ ನಳಗಳನ್ನು ಬಂದ್ ಮಾಡಿ ಯಾರೂ ನೀರು ಮುಟ್ಟದಂತೆ ಹೇಳಿ, ಕೈಗಡಿಯಾರ ಹಿಡಿದು ಒತ್ತಡದ ಗೇಜಿನ ಮುಂದೆ ಕುಳಿತೆ. ಮುಳ್ಳು 40ರಿಂದ 20ಕ್ಕೆ ಇಳಿಯಲು 45 ಸೆಕೆಂಡು ಹಿಡಿಯಿತು. ಆಗ ಸ್ವಿಚ್ ಟಕ್ಕೆಂದಿತು, ಪಂಪು ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಗುಂಯ್‌ಗುಟ್ಟಿತು, ಮುಳ್ಳು ಮತ್ತೆ 40ಕ್ಕೆ ಜಿಗಿಯಿತು. ಹತ್ತು ಸಲ ನೋಡಿದರೂ ಲೆಕ್ಕ ಬದಲಾಗಲಿಲ್ಲ. 45 ಸೆಕೆಂಡಿಗೊಮ್ಮೆ ಎಂದರೆ ಗಂಟೆಗೆ 80 ಬಾರಿ, ಎಂಟು ಗಂಟೆಯ ಒಂದು ರಾತ್ರಿಗೆ 640 ಬಾರಿ ಮೋಟಾರು ಚಾಲೂ ಆದಂತಾಯಿತು. ಇಂಥ ಮೋಟಾರು ಪ್ರತಿ ಸಲ ಚಾಲೂ ಆಗುವಾಗಲೂ ಓಡುವಾಗಿನ ಕರೆಂಟಿನ ಐದಾರು ಪಟ್ಟನ್ನು ಕ್ಷಣಕಾಲ ಎಳೆಯುತ್ತದೆ. ಆ ಬಿಸಿ ವೈಂಡಿಂಗಿನಲ್ಲಿ, ಅಂದರೆ ಮೋಟಾರಿನೊಳಗಿನ ತಂತಿಯ ಸುತ್ತುಗಳಲ್ಲಿ, ಸೇರುತ್ತದೆ, ಆ ಕಿಡಿ ಸ್ವಿಚ್ಚಿನ ಪಾಯಿಂಟುಗಳನ್ನು ತಿನ್ನುತ್ತದೆ. ಹಳೆಯ ಸ್ವಿಚ್ ಸುಟ್ಟದ್ದು ಈ ರೋಗದ ಫಲವೇ ಹೊರತು ರೋಗದ ಮೂಲವಾಗಿರಲಿಲ್ಲ. ವೋಲ್ಟೇಜನ್ನು ಪಂಪಿನ ಪ್ಲಗ್ಗಿನಲ್ಲಿಯೇ ಅಳೆದೆ, 218 ಇತ್ತು. ಆ ವಿಷಯವನ್ನು ಅಲ್ಲಿಗೆ ಕೈಬಿಟ್ಟೆ.

ಇಲ್ಲಿ ಎರಡು ಪ್ರಶ್ನೆಗಳಿದ್ದವು, ಅವನ್ನು ಬೆರೆಸಬಾರದು. ಯಾರೂ ನೀರು ಬಳಸದಿದ್ದಾಗ ಒತ್ತಡ ಇಳಿಯುವುದೇಕೆ ಎಂಬುದು ಒಂದು. ಇಳಿದರೂ ಇಷ್ಟು ಬೇಗ ಇಳಿಯುವುದೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಎಲ್ಲಿಯೋ ಇರುವ ಸೋರಿಕೆ, ಎರಡನೆಯದಕ್ಕೆ ಉತ್ತರ ಟ್ಯಾಂಕು. ಸಾಮಾನ್ಯವಾಗಿ ಇವೆರಡನ್ನೂ ಒಂದೇ ದೋಷವೆಂದು ತಿಳಿದು, ಒಂದನ್ನು ಸರಿಪಡಿಸಿ ಮರಳಿಬಿಡುತ್ತಾರೆ.

ಟ್ಯಾಂಕನ್ನೇ ಮೊದಲು ಪರೀಕ್ಷಿಸಿದೆ. ಒತ್ತಡ 40 ಇದ್ದಾಗ ಪಂಪಿನ ಪ್ಲಗ್ ತೆಗೆದು, ಮಾಳಿಗೆಯ ಮೇಲೆಯೇ ಇದ್ದ ನಳಕ್ಕೆ ಮಾಸ್ತರರ ಮನೆಯ ಸ್ಟೀಲಿನ ಲೋಟ ಹಿಡಿದು, ಮುಳ್ಳು 20ಕ್ಕೆ ಬರುವವರೆಗೆ ನೀರು ಬಿಟ್ಟೆವು. ಲೋಟ ಅರ್ಧವೂ ಸರಿಯಾಗಿ ತುಂಬಲಿಲ್ಲ. ಸುಮಾರು 120 ಮಿಲಿ ಲೀಟರು. 24 ಲೀಟರಿನ ಟ್ಯಾಂಕು ಕೊಡುತ್ತಿದ್ದ ನೀರು ಇಷ್ಟು! ಟ್ಯಾಂಕಿನ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಮಂದ ಸದ್ದು. ಗಾಳಿ ಇದ್ದಿದ್ದರೆ ಆ ಭಾಗ ಡಬ್ಬದಂತೆ ನುಡಿಯಬೇಕಿತ್ತು. ಹೆಗಲು ಕೊಟ್ಟು ನೂಕಿದರೆ ತುಂಬಿದ ಕೊಡದಂತೆ ಭಾರವಾಗಿ ಅಲುಗಿತು.

ಟ್ಯಾಂಕಿನ ತಲೆಯಲ್ಲಿ ಪ್ಲಾಸ್ಟಿಕ್ ಮುಚ್ಚಳದಡಿ ಮೋಟಾರ್ ಸೈಕಲ್ಲಿನ ಟ್ಯೂಬಿಗೆ ಇರುವಂಥದೇ ಗಾಳಿಯ ವಾಲ್ವು ಇರುತ್ತದೆ. ಅದರ ಪಿನ್ನನ್ನು ಒತ್ತಿ ನೋಡಿದೆ. ಅಲ್ಲಿಂದ ನೀರು ಹನಿಸಿದ್ದರೆ ಒಳಗಿನ ರಬ್ಬರ್ ಚೀಲ ಹರಿದಿದೆ ಎಂದರ್ಥ, ಆಗ ಚೀಲವನ್ನೇ ಬದಲಿಸದೆ ಗತಿಯಿಲ್ಲ. ಇಲ್ಲಿ ಕ್ಷೀಣವಾಗಿ ಒಮ್ಮೆ ಹಿಸ್ಸೆಂದು ಸುಮ್ಮನಾಯಿತು, ನೀರು ಬರಲಿಲ್ಲ. ಚೀಲ ಗಟ್ಟಿಯಾಗಿತ್ತು, ಅದರ ಹೊರಗಿನ ಗಾಳಿ ಮಾತ್ರ ಇರಲಿಲ್ಲ. ನೀರು ತುಂಬಿದ ಚೀಲ ಉಕ್ಕಿನ ಗೋಡೆಗೆ ಸುತ್ತಲೂ ಅಂಟಿಕೊಂಡು, ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಜಾಗವಿಲ್ಲದೆ ಕುಳಿತಿತ್ತು.

ಕಾರ್ಖಾನೆಯಿಂದ ಗಾಳಿ ತುಂಬಿಸಿಕೊಂಡು ಬಂದ ಹೊಸ ಟ್ಯಾಂಕಿನ ಗಾಳಿ ಎರಡು ವಾರದಲ್ಲಿ ಎಲ್ಲಿ ಹೋಯಿತು? ಇದನ್ನು ತಿಳಿಯದೆ ಮತ್ತೆ ಗಾಳಿ ತುಂಬುವುದು ನನಗೆ ಸರಿಯೆನಿಸಲಿಲ್ಲ. ಪಂಪು ಕೂಡಿಸಿದ ಹುಡುಗನನ್ನು ಕರೆಸಿದೆವು. ಶ್ರದ್ಧೆಯ ಹುಡುಗ, ಪೈಪಿನ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದನು. "ತಮ್ಮಾ, ಇದರ ಗಾಳಿ ಮುಟ್ಟಿದ್ದೇನು?" ಎಂದು ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದನು: "ಹೌದ್ರಿ ಕಾಕಾ. ಸ್ಟಿಕರ್ ಮ್ಯಾಲ ಒಂದೂವರೆ ಬಾರ್ ಅಂತ ಇತ್ತು. ಎರಡನೇ ವಾರ ಸರ್ವಿಸಿಗೆ ಬಂದಾಗ ಗೇಜ್ ಹಚ್ಚಿ ನೋಡಿದ್ರ ನಲವತ್ತು ಪೌಂಡ್ ತೋರಿಸ್ತು. ಜಾಸ್ತಿ ಆಗ್ಯದಂತ ಬಿಟ್ಟೆ. ಬಿಟ್ಟಂಗೆಲ್ಲ ಪಂಪ್ ಓಡ್ತಿತ್ತು, ಮತ್ತ ನಲವತ್ತೇ ತೋರಿಸ್ತಿತ್ತು. ನಾಕೈದು ಸಲ ಬಿಟ್ಟೆ."

ಇಡೀ ಪ್ರಕರಣದ ಗಂಟು ಈ ಮಾತಿನಲ್ಲಿತ್ತು. ಸ್ಟಿಕರಿನ ಮೇಲಿನ ಒಂದೂವರೆ ಬಾರ್, ಎಂದರೆ ಸುಮಾರು 22 ಪೌಂಡ್, ಚೀಲ ಪೂರ್ತಿ ಖಾಲಿಯಿದ್ದಾಗ ಇರಬೇಕಾದ ಗಾಳಿಯ ಒತ್ತಡ. ಚೀಲದೊಳಗೆ ನೀರಿನ ಒತ್ತಡ ಬಂದ ಮೇಲೆ ಗಾಳಿಯೂ ಅಷ್ಟೇ ಒತ್ತಡಕ್ಕೆ ಕುಗ್ಗಿ ನಿಲ್ಲುತ್ತದೆ, ಯಾಕೆಂದರೆ ನಡುವೆ ಇರುವುದು ಮೆದು ರಬ್ಬರು. ಅದರ ಎರಡೂ ಕಡೆ ಒತ್ತಡ ಸಮನಾಗಲೇಬೇಕು. ಆದ್ದರಿಂದ ನೀರು ತುಂಬಿದ ಟ್ಯಾಂಕಿಗೆ ಗಾಳಿಯ ಗೇಜ್ ಹಚ್ಚಿದರೆ ಅದು ತೋರಿಸುವುದು ಪೈಪಿನಲ್ಲಿರುವ ನೀರಿನ ಒತ್ತಡವನ್ನೇ. ಒಳಗೆ ಬೊಗಸೆಯಷ್ಟು ಗಾಳಿ ಇದ್ದರೂ 40, ಹತ್ತು ಲೀಟರು ಇದ್ದರೂ 40. ಹುಡುಗನು ಗಾಳಿ ಬಿಟ್ಟಂತೆಲ್ಲ ಚೀಲ ಹಿಗ್ಗಿ ಒತ್ತಡ ಇಳಿದು, ಪಂಪು ಓಡಿ ಮತ್ತಷ್ಟು ನೀರನ್ನು ಚೀಲಕ್ಕೆ ತುಂಬಿ, ಗೇಜನ್ನು ಮತ್ತೆ 40ಕ್ಕೆ ತರುತ್ತಿತ್ತು. ನಾಲ್ಕೈದು ಸುತ್ತಿನಲ್ಲಿ ಟ್ಯಾಂಕಿನ ಗಾಳಿಯೆಲ್ಲ ಹೊರಬಿದ್ದು ಅದರ ಜಾಗವನ್ನು ನೀರು ಹಿಡಿದಿತ್ತು. ಗಾಳಿಯನ್ನು ಸ್ವಲ್ಪ ಕಡಿಮೆ ಮಾಡಬೇಕೆಂಬ ಅವನ ಎಣಿಕೆ ತಪ್ಪಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಖಾಲಿ ಟ್ಯಾಂಕಿನ ಗಾಳಿ, ಪಂಪು ಚಾಲೂ ಆಗುವ ಒತ್ತಡಕ್ಕಿಂತ ಎರಡು ಪೌಂಡ್ ಕಡಿಮೆ ಇರಬೇಕೆಂಬುದು ಈ ಕೆಲಸದಲ್ಲಿ ರೂಢಿಯ ಲೆಕ್ಕ. ಇಲ್ಲಿ 20ಕ್ಕೆ ಚಾಲೂ, ಆದ್ದರಿಂದ 18 ಬೇಕು. 22ರಿಂದ 18ಕ್ಕೆ ಇಳಿಸಬೇಕಿತ್ತು, ಆದರೆ ನೀರನ್ನು ಖಾಲಿ ಮಾಡಿದ ಮೇಲೆ ಇಳಿಸಬೇಕಿತ್ತು.

ಖಾಲಿ ಮಾಡುವ ಕೆಲಸವನ್ನು ಅವನ ಕೈಯಿಂದಲೇ ಮಾಡಿಸಿದೆ. ಪಂಪಿನ ಪ್ಲಗ್ ತೆಗೆಯುವುದರ ಜೊತೆಗೆ ಮೇಲಿನ ಟಾಕಿಯಿಂದ ಬರುವ ವಾಲ್ವನ್ನೂ ಮುಚ್ಚಬೇಕು, ಇಲ್ಲದಿದ್ದರೆ ಟಾಕಿಯ ನೀರಿನ ಭಾರ ಚೀಲದ ಮೇಲೆ ಉಳಿದು ಮತ್ತೆ ತಪ್ಪು ಅಳತೆ ಬರುತ್ತದೆ. ಆಮೇಲೆ ಮಾಳಿಗೆಯ ನಳವನ್ನೂ ಕೆಳಗಿನ ಅಂಗಳದ ನಳವನ್ನೂ ತೆರೆದಿಟ್ಟೆವು. ಪೈಪಿನ ನೀರು ಹರಿದು ನಿಂತಿತು, ಟ್ಯಾಂಕು ಮಾತ್ರ ಮೊದಲಿನಂತೆಯೇ ಭಾರವಾಗಿತ್ತು. ಚೀಲವನ್ನು ಹಿಂಡಲು ಹೊರಗೆ ಗಾಳಿಯೇ ಇಲ್ಲದಿದ್ದಾಗ ಅದು ತನ್ನ ನೀರನ್ನು ಬಿಡುವುದಾದರೂ ಹೇಗೆ? ಮಾಸ್ತರರ ಮಗನ ಮೋಟಾರ್ ಸೈಕಲ್ಲಿನ ಕಾಲುಪಂಪನ್ನು ತಂದು ವಾಲ್ವಿಗೆ ಸಿಕ್ಕಿಸಿ ಹುಡುಗನು ತುಳಿಯತೊಡಗಿದನು. ನಿಂತಿದ್ದ ಮಾಳಿಗೆಯ ನಳದಿಂದ, ಅವನು ಒಂದೊಂದು ಸಲ ತುಳಿದಾಗಲೂ ಒಂದೊಂದು ಚಿಮ್ಮು ನೀರು ಬಂದಿತು. ಕರೆಂಟಿಲ್ಲ, ಟಾಕಿಯ ವಾಲ್ವು ಮುಚ್ಚಿದೆ, ಕಾಲು ತುಳಿದರೆ ನಳದಲ್ಲಿ ನೀರು. ಮಾಸ್ತರರು ನಳದ ಕೆಳಗೆ ಬಕೆಟ್ ಇಟ್ಟರು. ಒಂದು ಬಕೆಟ್ ತುಂಬಿ ಎರಡನೆಯದಕ್ಕೆ ನೀರು ಬಿದ್ದು, ಒಟ್ಟು ಸುಮಾರು 22 ಲೀಟರು ಹೊರಬಂದ ಮೇಲೆ ಚಿಮ್ಮು ನಿಂತು ಗೇಜ್ ಏರತೊಡಗಿತು. 18 ಪೌಂಡ್ ಆಗುವಷ್ಟರಲ್ಲಿ ಇನ್ನೂರರ ಹತ್ತಿರ ತುಳಿತಗಳಾಗಿದ್ದವು. ಈಗ ಟ್ಯಾಂಕು ಒಂದೇ ಕೈಯಲ್ಲಿ ಅಲುಗಾಡುವಷ್ಟು ಹಗುರವಾಗಿತ್ತು, ತಟ್ಟಿದರೆ ಡಬ್ಬದಂತೆ ನುಡಿಯುತ್ತಿತ್ತು.

ಮಾಸ್ತರರು ಮೂವತ್ತು ವರ್ಷ ಮಕ್ಕಳಿಗೆ ಬಾಯ್ಲನ ನಿಯಮ, ಅಂದರೆ ಬಿಸಿ ಬದಲಾಗದಿದ್ದರೆ ಒತ್ತಡ ಎಷ್ಟು ಪಟ್ಟು ಏರುತ್ತದೋ ಗಾಳಿಯ ಗಾತ್ರ ಅಷ್ಟೇ ಪಟ್ಟು ಕುಗ್ಗುತ್ತದೆ ಎಂಬುದನ್ನು, ಕಲಿಸಿದವರು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಅವರೇ ಲೆಕ್ಕ ಹಾಕಿದರು. ಗೇಜಿನ ಅಂಕಿಗೆ ವಾತಾವರಣದ 14.7 ಪೌಂಡನ್ನು ಕೂಡಿಸಿಕೊಂಡರೆ, ಖಾಲಿ ಟ್ಯಾಂಕಿನ 24 ಲೀಟರ್ ಗಾಳಿ 32.7 ಪೌಂಡಿನಲ್ಲಿರುತ್ತದೆ. ನೀರು ತುಂಬಿ ಒತ್ತಡ 34.7 ಆದಾಗ ಅದೇ ಗಾಳಿ 22.6 ಲೀಟರಿಗೆ, 54.7 ಆದಾಗ 14.3 ಲೀಟರಿಗೆ ಕುಗ್ಗುತ್ತದೆ. ಎರಡರ ನಡುವಿನ ವ್ಯತ್ಯಾಸ, ಎಂಟು ಲೀಟರಿಗಿಂತ ತುಸು ಹೆಚ್ಚು, ಪಂಪು ನಿಂತಿರುವಾಗ ಟ್ಯಾಂಕು ಕೊಡಬಲ್ಲ ನೀರು. ಪಂಪು ಚಾಲೂ ಮಾಡಿ ಬಕೆಟ್ಟಿಗೆ ಹಿಡಿದು ನೋಡಿದಾಗ ಎಂಟು ಲೀಟರಿನ ಗೆರೆಗೆ ನೀರು ಬಂದಿತು. ಅರ್ಧ ಲೋಟದಿಂದ ಅರ್ಧ ಬಕೆಟ್ಟಿಗೆ! ಅಂದು ಸಂಜೆ ಸೊಸೆಯವರು ಮೇಲಿನ ಬಚ್ಚಲಲ್ಲಿ ಶವರ್ ಬಿಟ್ಟು ನೋಡಿ, ನೀರು ಏರಿಳಿಯದೆ ಒಂದೇ ಸಮನೆ ಬರುತ್ತಿದೆ ಎಂದರು. ಮೊದಲು ಶವರ್ ಬಿಟ್ಟಾಗ ಪಂಪು ಸೆಕೆಂಡಿಗೊಮ್ಮೆ ಬಡಿದುಕೊಳ್ಳುತ್ತಿತ್ತು. ಈಗ ಒಂದು ನಿಮಿಷ ಸುಮ್ಮನಿದ್ದು ಅರ್ಧ ನಿಮಿಷ ಓಡುತ್ತಿತ್ತು.

ಇಲ್ಲಿಗೇ ಕೆಲಸ ಮುಗಿಯಿತೆಂದು ಹೊರಟುಬಿಟ್ಟಿದ್ದರೆ ಮನೆಯವರಿಗೆ ನೆಮ್ಮದಿಯಾಗಿರುತ್ತಿತ್ತು, ಆದರೆ ಮೊದಲನೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಎಲ್ಲ ನಳ ಬಂದ್ ಇದ್ದಾಗ ಪಂಪು ಎಷ್ಟು ಹೊತ್ತಿಗೊಮ್ಮೆ ಚಾಲೂ ಆಗುತ್ತದೆಂದು ಆ ರಾತ್ರಿ ಬರೆದಿಡಲು ಮಾಸ್ತರರಿಗೆ ಹೇಳಿದ್ದೆ. ಅವರು ಬರೆದದ್ದು ಸುಮಾರು 50 ನಿಮಿಷಕ್ಕೊಮ್ಮೆ. ಎಂಟು ಲೀಟರು 50 ನಿಮಿಷದಲ್ಲಿ ಹೋಗುತ್ತಿದೆ ಎಂದರೆ ನಿಮಿಷಕ್ಕೆ 160 ಮಿಲಿ ಲೀಟರು, ದಿನಕ್ಕೆ 230 ಲೀಟರು. ಹಿಂದಿನ ಲೆಕ್ಕವೂ ಇದಕ್ಕೆ ತಾಳೆಯಾಗುತ್ತಿತ್ತು, ಯಾಕೆಂದರೆ ಅದೇ ವೇಗದಲ್ಲಿ 120 ಮಿಲಿ ಲೀಟರು ಖಾಲಿಯಾಗಲು 45 ಸೆಕೆಂಡು ಬೇಕು. ಸೋರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಸರಿಯಾದ ಟ್ಯಾಂಕು ಅದನ್ನು ಮರೆಮಾಡಿತ್ತು. ನಳದ ನೀರು ಬಂದ ದಿನ ಸಂಪು ತುಂಬಿಸಿಕೊಂಡು ಉಳಿದ ದಿನ ಅದನ್ನೇ ಎಣಿಸಿ ಬಳಸುವ ಊರಿನಲ್ಲಿ ದಿನಕ್ಕೆ 230 ಲೀಟರನ್ನು ಕಡೆಗಣಿಸಲು ನನಗೆ ಮನಸ್ಸು ಬರಲಿಲ್ಲ.

ಸೋರಿಕೆಯನ್ನು ಹುಡುಕಲು ಟ್ಯಾಂಕಿನ ಮುಂದೆ ಮನೆಯ ಕಡೆಗೆ ಹೋಗುವ ಗೇಟ್ ವಾಲ್ವನ್ನು ಪೂರ್ತಿ ಮುಚ್ಚಿದೆವು. ಸೋರಿಕೆ ಮನೆಯೊಳಗೇ ಇದ್ದಿದ್ದರೆ ಮುಳ್ಳು ಅಲುಗದೆ ನಿಲ್ಲಬೇಕಿತ್ತು. ಅದು ನಿಲ್ಲಲಿಲ್ಲ, ಮೊದಲಿಗಿಂತ ನಿಧಾನವಾಗಿ ಇಳಿದು 80 ನಿಮಿಷಕ್ಕೆ ಪಂಪನ್ನು ಎಬ್ಬಿಸಿತು. ನಿಮಿಷಕ್ಕೆ 100 ಮಿಲಿ ಲೀಟರು ವಾಲ್ವಿನ ಈಚೆಯೇ ಹೋಗುತ್ತಿತ್ತು, ಉಳಿದ 60 ಮನೆಯೊಳಗೆ. ಮಾಳಿಗೆಯ ಮೇಲೆ ಎಲ್ಲಿಯೂ ಒಂದು ಹನಿ ತೇವವಿರಲಿಲ್ಲ. ಹಾಗಿದ್ದ ಮೇಲೆ ನೀರು ಹೋಗಬಹುದಾದ ದಾರಿ ಒಂದೇ: ಎನ್‌ಆರ್‌ವಿಯ ಮೂಲಕ ಹಿಂದಕ್ಕೆ, ನಿಂತ ಪಂಪಿನೊಳಗಿಂದ ಹಾಯ್ದು ಮೇಲಿನ ಟಾಕಿಗೆ. ಈ ಬಗೆಯ ಸೋರಿಕೆ ಕಣ್ಣಿಗೆ ಎಂದೂ ಬೀಳುವುದಿಲ್ಲ. ಎನ್‌ಆರ್‌ವಿಯನ್ನು ಬಿಚ್ಚಿದಾಗ ಅದರ ರಬ್ಬರ್ ಬಿಲ್ಲೆಗೂ ಹಿತ್ತಾಳೆಯ ಕೂರುವ ಅಂಚಿಗೂ ನಡುವೆ ಬಿಳಿಯ ಪ್ಲಾಸ್ಟಿಕ್ಕಿನ ಸುರುಳಿಯೊಂದು ಸಿಕ್ಕಿಕೊಂಡಿತ್ತು, ಕಿರುಬೆರಳಿನ ಉಗುರಿನ ಅರ್ಧದಷ್ಟು. ಪೈಪನ್ನು ಗರಗಸದಿಂದ ಕೊಯ್ದಾಗ ಒಳಗೆ ಉಳಿದ ಹೊಟ್ಟು ಅದು. ಹೊಸ ಪೈಪು ಜೋಡಿಸಿದ ಮೇಲೆ ಪಂಪಿಗೆ ಕೊಡುವ ಮುನ್ನ ಎರಡು ಬಕೆಟ್ ನೀರನ್ನು ಸುಮ್ಮನೆ ಹರಿಸಿ ಚೆಲ್ಲಿದ್ದರೆ ಇದು ಹೊರಗೆ ಹೋಗುತ್ತಿತ್ತು. ಬಿಲ್ಲೆಗೆ ಗಾಯವಾಗಿರಲಿಲ್ಲ. ಒರೆಸಿ ಕೂಡಿಸಿ, ಟಾಕಿಯಿಂದ ಪಂಪಿಗೆ ಬರುವ ಪೈಪಿಗೆ ಒಂದು ಜಾಲರಿಯ ಫಿಲ್ಟರ್ ಹಾಕಿದೆವು.

ಮನೆಯೊಳಗಿನ 60 ಮಿಲಿ ಲೀಟರು ಸಿಕ್ಕಿದ್ದು ಕೆಳಗಿನ ಅಂತಸ್ತಿನ ಕಮೋಡಿನಲ್ಲಿ. ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿ, ಯಾರೂ ಬಳಸದಂತೆ ಬಾಗಿಲು ಮುಚ್ಚಿಟ್ಟು, ಅರ್ಧ ಗಂಟೆಯ ನಂತರ ನೋಡಿದಾಗ ಬಿಳಿಯ ಪಿಂಗಾಣಿಯ ಮೇಲೆ ಸಣ್ಣ ನೀಲಿ ಗೆರೆ ಇಳಿದಿತ್ತು. ಮುಚ್ಚಳ ತೆಗೆದರೆ ನೀರು ತುಂಬಿದ ಮೇಲೂ ಫ್ಲೋಟಿನ ವಾಲ್ವು ಪೂರ್ತಿ ಮುಚ್ಚದೆ, ಹೆಚ್ಚಾದ ನೀರು ನಡುವಿನ ಕೊಳವೆಯಿಂದ ಕೆಳಗೆ ಜಿನುಗುತ್ತಿತ್ತು. ಎಂಟು ವರ್ಷ ಹಳೆಯ ವಾಲ್ವು ಅದು, ಪಂಪು ಬರುವ ಮುಂಚೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಆಗ ಅದರ ಮೇಲೆ ಇದ್ದದ್ದು ಟಾಕಿಯ ಆರು ಮೀಟರ್ ಎತ್ತರದ ಒತ್ತಡ, ಎಂಟೂವರೆ ಪೌಂಡ್. ಈಗ ಮಾಳಿಗೆಯ ಗೇಜ್ 40 ತೋರಿಸುವಾಗ ಕೆಳಗಿನ ಕಮೋಡಿನ ಬಳಿ ಅದೇ ಆರು ಮೀಟರ್ ಕೂಡಿ 48 ಪೌಂಡಿಗಿಂತ ಹೆಚ್ಚಾಗುತ್ತದೆ. ಹಳೆಯ ಮನೆಗೆ ಪ್ರೆಶರ್ ಪಂಪು ಹಾಕುವಾಗ ನಾವು ಮೇಲಿನ ಬಚ್ಚಲಿನ ಅನುಕೂಲವನ್ನಷ್ಟೇ ನೋಡುತ್ತೇವೆ. ಕೆಳಗಿನ ಹಳೆಯ ವಾಷರುಗಳು ಐದಾರು ಪಟ್ಟು ಭಾರ ಹೊರಬೇಕಾಗುತ್ತದೆ ಎಂಬುದನ್ನು ನೋಡುವುದಿಲ್ಲ. ಫ್ಲೋಟ್ ವಾಲ್ವನ್ನೇ ಹೊಸದು ಹಾಕಿಸಿದೆವು.

ಕಲಬುರಗಿಯ ಬಿಸಿಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಉಕ್ಕಿನ ಟ್ಯಾಂಕು ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತದೆ. ಒಳಗಿನ ಗಾಳಿ 50 ಡಿಗ್ರಿ ಇದ್ದಾಗ 18 ಪೌಂಡ್ ತುಂಬಿದರೆ, ಬೆಳಗಿನ ಜಾವ 25 ಡಿಗ್ರಿಗೆ ಇಳಿದಾಗ ಅದು ಹದಿನೈದೂವರೆ ಪೌಂಡ್ ಮಾತ್ರ ಉಳಿಯುತ್ತದೆ. ಆದ್ದರಿಂದ ಗಾಳಿಯ ಕೊನೆಯ ಅಳತೆಯನ್ನು ನಾವು ಬೆಳಿಗ್ಗೆ ಆರೂವರೆಗೆ, ಟ್ಯಾಂಕು ತಣ್ಣಗಿರುವಾಗ ಮತ್ತೆ ಖಾಲಿ ಮಾಡಿ ತೆಗೆದುಕೊಂಡೆವು. ಪಂಪಿಗೂ ಟ್ಯಾಂಕಿಗೂ ಸೇರಿಸಿ ಮೇಲೆ ಪತ್ರಾದ ನೆರಳು ಮಾಡಿಸಿ, ಗಾಳಿಗೆ ಹಾರದಂತೆ ಅಂಚಿಗೆ ಫರಸಿ ಕಲ್ಲು ಹೇರಿದರು.

ಮುಂದಿನ ಮೂರು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಪಂಪು ಒಮ್ಮೆಯೂ ಚಾಲೂ ಆಗಲಿಲ್ಲ. ಮಾಸ್ತರರು ಮಾತ್ರ ಒಂದು ಆತಂಕದಿಂದ ಫೋನು ಮಾಡಿದರು: ಮಲಗುವಾಗ 40 ಇದ್ದ ಮುಳ್ಳು ಬೆಳಿಗ್ಗೆ 38ಕ್ಕೆ ಬಂದಿತ್ತು. ರಾತ್ರಿಯ ತಂಪಿಗೆ ಗಾಳಿ ಕುಗ್ಗಿದ್ದರ ಲೆಕ್ಕ ಅದು, ಹತ್ತು ಡಿಗ್ರಿ ಇಳಿದರೆ ಎರಡು ಪೌಂಡಿನ ಹತ್ತಿರ ಇಳಿಯುತ್ತದೆ. ಬಿಸಿಲೇರಿದ ಮೇಲೆ ನೀರು ಬಿಡದೆ ನೋಡಿರೆಂದೆ. ಒಂಬತ್ತೂವರೆಗೆ ಅದು ತಾನಾಗಿಯೇ 40ಕ್ಕೆ ಮರಳಿದೆ ಎಂದು ಅವರೇ ತಿಳಿಸಿದರು.

ಹುಡುಗನು ಹೋಗುವ ಮುನ್ನ ಟ್ಯಾಂಕಿನ ಸ್ಟಿಕರಿನ ಪಕ್ಕದಲ್ಲಿ ದಪ್ಪ ಮಾರ್ಕರಿನಿಂದ "ನೀರು ಪೂರಾ ಖಾಲಿ ಮಾಡಿ ಗಾಳಿ ನೋಡಬೇಕು, 18 ಪೌಂಡ್" ಎಂದು ಬರೆದು, ಕೆಳಗೆ ತಾರೀಖು ಹಾಕಿದನು. ರಬ್ಬರಿನ ಮೂಲಕ ಗಾಳಿ ತಿಂಗಳುಗಟ್ಟಲೆ ನಿಧಾನವಾಗಿ ಕಡಿಮೆಯಾಗುವುದರಿಂದ ಆರು ತಿಂಗಳಿಗೊಮ್ಮೆ ನೋಡಬೇಕೆಂದು ಹೇಳಿ ಬಂದಿದ್ದೆವು. ಸೆಪ್ಟೆಂಬರಿನಲ್ಲಿ ಅವನೇ ಹೋಗಿ ಖಾಲಿ ಮಾಡಿ ಅಳೆದಾಗ 17 ಇತ್ತು. ಒಂದು ಪೌಂಡ್ ತುಂಬಿ, ಹಳೆಯ ತಾರೀಖಿನ ಕೆಳಗೆ ಹೊಸದನ್ನು ಬರೆದು ಬಂದಿದ್ದಾನೆ.